ಹದಿನೆಂಟು ಜೇಬಿನ ಚೀಲ

ಒಂದು ಚೀಲ ಕೊಳ್ಳುವುದಕ್ಕೆ ಒಂದು ಮನೆ ಇಷ್ಟು ತಲೆ ಕೆಡಿಸಿಕೊಳ್ಳಬಹುದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ಸುಷ್ಮಿತಾ ನಂಬುತ್ತಿರಲಿಲ್ಲ. ಅವಳ ಮದುವೆಯ ಧಾರೆ ಸೀರೆಯನ್ನೇ ಅರ್ಧ ದಿನದಲ್ಲಿ ಆರಿಸಿ ಮುಗಿಸಿದ್ದ ಮನೆ ಅದು. ಈಗ ನೋಡಿದರೆ ಮಗುವಿನ ಡೈಪರು, ಬಟ್ಟೆ, ಬಾಟಲಿ ತುಂಬುವ ಒಂದು ಚೀಲದ ಮಾತು ಹತ್ತು ದಿನದಿಂದ ಊಟದ ತಟ್ಟೆಯ ಮುಂದೆ ನಡೆಯುತ್ತಿತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ.

ಚೀಲ ಒಂದು ನೆಪ, ಅದು ಮೂವರಿಗೂ ಗೊತ್ತಿತ್ತು. ಸುಷ್ಮಿತಾಳ ಹೆರಿಗೆ ರಜೆ ಮುಗಿದಿತ್ತು. ಸೋಮವಾರದಿಂದ ಹೊಳಲ್ಕೆರೆಯ ಪ್ರೌಢಶಾಲೆಗೆ ಹೋಗಿ ಮತ್ತೆ ಗಣಿತ ಹೇಳಿಕೊಡಬೇಕು. ಚಿತ್ರದುರ್ಗದ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಗಂಡ ನಿರಂಜನ್ ಹಿರಿಯೂರಿನಲ್ಲಿ ಲೈನ್‌ಮನ್, ಬೆಳಗ್ಗೆ ಆರಕ್ಕೆ ಬೈಕು ಹತ್ತಿದರೆ ಮತ್ತೆ ಮುಖ ತೋರಿಸುವುದು ದೀಪ ಹಚ್ಚುವ ಹೊತ್ತಿಗೆ. ಅತ್ತೆ ಉಚ್ಚಂಗೆಮ್ಮ ಬಡಾವಣೆಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಇನ್ನೂರು ಮಕ್ಕಳಿಗೆ ಅನ್ನ ಸಾರು ಬಡಿಸುವ ಕೈಗೆ ಸ್ವಂತ ಮೊಮ್ಮಗಳನ್ನು ಹಗಲು ಹೊತ್ತು ಎತ್ತಿಕೊಳ್ಳಲು ಪುರುಸೊತ್ತಿಲ್ಲ. ಹಾಗಾಗಿ ಆರೂವರೆ ತಿಂಗಳ ಅಂಜಲಿ, ಮನೆಯವರ ಬಾಯಲ್ಲಿ ಪುಟ್ಟಿ, ತಾಯಿಯ ಜೊತೆ ಬಸ್ಸಿನಲ್ಲಿ ಹೋಗಿ ಬರಬೇಕು. ಶಾಲೆಯ ಹಿಂದಿನ ಬೀದಿಯಲ್ಲಿ ಲತಾ ಎಂಬವಳು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಹೋಗಿ ಮುಖ ನೋಡಿ ಬರಬಹುದು.

ಇದು ಸುಷ್ಮಿತಾಳ ಲೆಕ್ಕ. ಉಚ್ಚಂಗೆಮ್ಮನ ಲೆಕ್ಕ ಬೇರೆ ಇತ್ತು.

"ಒಂದು ವಾರ ನೋಡಾಣ," ಎಂದಳು ಅತ್ತೆ, ಮುದ್ದೆ ಮುರಿಯುತ್ತ. "ಆಗ್ಲಿಲ್ಲ ಅಂದ್ರೆ ಪುಟ್ಟೀನ ಹಿರೇಗುಂಟನೂರಿಗೆ ನಿಮ್ಮವ್ವನ ಹತ್ರ ಬಿಟ್ಟು ಬರಾಣ. ಭಾನುವಾರ ಭಾನುವಾರ ಹೋಗಿ ನೋಡ್ಕಂಡ್ ಬಂದ್ರಾಯ್ತು. ಆ ಬಸ್ನಾಗೆ ದಿನಾ ಒಬ್ಳೇ ಕೂಸು ಎತ್ಕಂಡು ಹೋಗಾದು ಅಂದ್ರೆ ಹುಡುಗಾಟ ಅಂದ್ಕಂಡಿದೀಯೇನು?"

ಭಾನುವಾರ ಭಾನುವಾರ! ಸುಷ್ಮಿತಾ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಹೆತ್ತ ಮಗಳನ್ನು ಸಂತೆಗೆ ಹೋದಂತೆ ವಾರಕ್ಕೊಮ್ಮೆ ಹೋಗಿ ನೋಡಿ ಬರಬೇಕೇ? ಅತ್ತೆ ಕೆಟ್ಟವಳಲ್ಲ, ಆದರೆ ಒಮ್ಮೆ ಬಾಯಿಂದ ಹೊರಬಿದ್ದ ಮಾತನ್ನು ಅವಳು ಮರಳಿ ನುಂಗಿದ್ದು ಯಾರೂ ಕಂಡಿಲ್ಲ. ಆ ರಾತ್ರಿಯೇ ಸುಷ್ಮಿತಾ ನಿಶ್ಚಯ ಮಾಡಿದಳು. ಒಬ್ಬಳೇ ಹೋಗುತ್ತೇನೆ, ಒಬ್ಬಳೇ ಬರುತ್ತೇನೆ, ಒಂದೇ ಒಂದು ದಿನವೂ ಎಡವಟ್ಟು ಆಗದಂತೆ ನೋಡಿಕೊಳ್ಳುತ್ತೇನೆ. ಅದಕ್ಕೆ ಬೇಕಾದದ್ದು ಒಂದು ಸರಿಯಾದ ಚೀಲ. ಗಣಿತದ ಮೇಷ್ಟರುಗಳ ಹಣೆಬರಹವೇ ಇಷ್ಟು, ಬದುಕಿನಲ್ಲಿ ಏನು ಕೈಕೊಟ್ಟರೂ ಯಾವುದೋ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿರಬೇಕು ಎಂದೇ ನಂಬುತ್ತಾರೆ.

ನಿರಂಜನ್ ಫೋನಿನಲ್ಲಿ ಚೀಲಗಳ ಚಿತ್ರ ತೋರಿಸಿದ. ಒಂದೊಂದರ ಬೆಲೆ ನೋಡಿ ಉಚ್ಚಂಗೆಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. "ಉಚ್ಚೆ ಬಟ್ಟೆ ಇಡಾಕೆ ಇಷ್ಟು ರೂಪಾಯಾ? ಲೇ ನಿರಂಜನ, ಇದ್ರಾಗೆ ಏನು ಕೂಸೂ ಸೇರಿಸಿ ಕೊಡ್ತಾರೇನಪ್ಪ?" ಎಂದಳು. ಅಲ್ಲಿಗೆ ಫೋನಿನ ಚೀಲಗಳ ಕಥೆ ಮುಗಿಯಿತು.

ಶನಿವಾರ ಸುಷ್ಮಿತಾ ಪುಟ್ಟಿಯನ್ನು ಎತ್ತಿಕೊಂಡು ಕರೀಮುನ್ನೀಸಾಳ ಅಂಗಡಿಗೆ ಹೋದಳು. ಲಕ್ಷ್ಮೀ ಬಜಾರಿನ ಸಂದಿಯಲ್ಲಿ ಒಂದು ಹೊಲಿಗೆ ಯಂತ್ರ, ಸೂರಿನಿಂದ ನೇತಾಡುವ ಎಪ್ಪತ್ತು ಎಂಬತ್ತು ಚೀಲ, ಅಷ್ಟೇ ಅಂಗಡಿ. ಕರೀಮುನ್ನೀಸಾಳ ಮನೆತನದವರು ಮುತ್ತಜ್ಜನ ಕಾಲದಿಂದ ಇದೇ ಊರಿನಲ್ಲಿ ಚರ್ಮದ ಚೀಲ, ಕುದುರೆ ಜೀನು ಹೊಲಿಯುತ್ತ ಬಂದವರು. ಈಗ ರೆಗ್ಸಿನ್ ಬಂದಿದೆ, ಕುದುರೆ ಹೋಗಿದೆ, ನಾಲಿಗೆ ಮಾತ್ರ ಹಾಗೇ ಉಳಿದಿದೆ.

"ಬಾ ಬೇಟಿ, ಕುಂತ್ಕ. ಯಾವುದ್ರಾಗೆ ಹೋಗ್ತೀಯ, ಕಾರಲ್ಲೋ ಬಸ್ನಾಗೋ?"

"ಬಸ್ಸಲ್ಲೇ, ಆಪಾ."

"ಹಂಗಾರೆ ಕೇಳು. ದೇವರು ಕೊಟ್ಟಿದ್ದು ಎರಡು ಕೈ. ಒಂದು ಮಗೂಗೆ ಹೋಯ್ತು. ಇನ್ನೊಂದ್ರಾಗೆ ಕಂಬಿ ಹಿಡೀಬೇಕು. ಚೀಲಕ್ಕೆ ಕೈ ಎಲ್ಲೈತೆ?" ಎಂದು ಅವಳು ಒಂದು ಪುಟ್ಟ ಅಡ್ಡಪಟ್ಟಿಯ ಚೀಲ ಇಳಿಸಿದಳು. ಬೂದು ಬಣ್ಣ, ಮೂರೇ ಜೇಬು. "ಇದನ್ನ ಹೆಗಲಿಗೆ ಅಡ್ಡ ಹಾಕ್ಕಂಬಿಡು. ನಾಲ್ಕು ಡೈಪರು, ಒಂದು ಜೊತೆ ಬಟ್ಟೆ, ಒಂದು ಬಾಟ್ಲಿ. ಮಗೂಗೆ ಒಂದು ದಿನಕ್ಕೆ ಇನ್ನೇನು ಬೇಕು, ಹಜ್‌ಗೆ ಹೊರಟೈತಾ?"

ಆದರೆ ಸುಷ್ಮಿತಾಳ ಕಣ್ಣು ಆಗಲೇ ಮೇಲೆ, ಮೂಲೆಯಲ್ಲಿ ನೇತಾಡುತ್ತಿದ್ದ ನೀಲಿ ಚೀಲದ ಮೇಲೆ ಬಿದ್ದಿತ್ತು. ಹದಿನೆಂಟು ಜೇಬು. ಬಾಟಲಿಗೆ ಬಿಸಿ ಆರದ ಜೇಬು ಬೇರೆ, ಒದ್ದೆ ಬಟ್ಟೆಗೆ ಬೇರೆ, ಔಷಧಿಗೆ ಬೇರೆ, ಮಗುವನ್ನು ಮಲಗಿಸಿ ಬಟ್ಟೆ ಬದಲಿಸಲು ಬಿಚ್ಚಿ ಹಾಸುವ ಮಡಿಕೆ ಬೇರೆ. ಇದೊಂದು ಹೆಗಲಲ್ಲಿದ್ದರೆ ಯಾವ ಅತ್ತೆಯೂ ಎದುರು ಮಾತಾಡುವಂತಿಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಕರೀಮುನ್ನೀಸಾ ಅದನ್ನು ಇಳಿಸಿ ಕೊಟ್ಟಳು, ಆದರೆ ಕೊಡುವಾಗ ಅವಳ ಮುಖ ಗಂಟಿಕ್ಕಿಕೊಂಡೇ ಇತ್ತು. ವ್ಯಾಪಾರ ಆದರೂ ಮುಖ ಅರಳದ ಅಂಗಡಿಯವಳನ್ನು ಸುಷ್ಮಿತಾ ಅವತ್ತೇ ಮೊದಲು ಕಂಡದ್ದು.

ಭಾನುವಾರವೆಲ್ಲ ಚೀಲ ತುಂಬುವುದರಲ್ಲಿ ಕಳೆಯಿತು. ಡೈಪರು ಎಂಟು. ಬಟ್ಟೆ ಐದು ಜೊತೆ. ಕುಲಾವಿ ಎರಡು, ಕಾಲುಚೀಲ ನಾಲ್ಕು ಜೊತೆ. ಪೌಡರು, ಎಣ್ಣೆ, ಜ್ವರದ ಔಷಧಿ, ವಾಯುವಿಗೆ ಓಮದ ನೀರು, ಬಾಟಲಿ, ಬಿಸಿನೀರಿನ ಫ್ಲಾಸ್ಕು, ಗಿಲಿಗಿಲಿ, ಹಾಸುವ ಪ್ಲಾಸ್ಟಿಕ್ಕು, ಹೊದೆಯುವ ದುಪ್ಪಟಿ, ಮಗುವಿನ ಹೆಸರು ಊರು ಲಸಿಕೆ ಎಲ್ಲ ಬರೆದ ತಾಯಿ ಕಾರ್ಡು. ಹದಿನೆಂಟು ಜೇಬೂ ತುಂಬಿದವು. ಉಚ್ಚಂಗೆಮ್ಮ ಒಂದು ಕೈಯಲ್ಲಿ ಚೀಲ ಎತ್ತಿದಳು, ಇಳಿಸಿದಳು. ಆಮೇಲೆ ಪುಟ್ಟಿಯನ್ನು ಎತ್ತಿದಳು.

"ಅಯ್ಯೋ ಶಿವನೇ! ಕೂಸಿಗಿಂತ ಚೀಲನೇ ಭಾರ ಐತಲ್ಲೇ!" ಎಂದು ಬಾಯಿಗೆ ಸೆರಗು ಹಿಡಿದಳು.

ಸುಷ್ಮಿತಾ ನಕ್ಕಳು. ಆ ನಗುವನ್ನು ಮರುದಿನ ನೆನೆದಾಗ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನ್ನಿಸಿತು.

ಸೋಮವಾರ ಬೆಳಗ್ಗೆ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ ಹೊಸದುರ್ಗದ ಬಸ್ಸು ನಿಂತಿತ್ತು. ಹೊಳಲ್ಕೆರೆ ಮೇಲೆ ಹೋಗುವುದು, ಎಂಟೂಕಾಲಿನದು. ಅದನ್ನು ಬಿಟ್ಟರೆ ಶಾಲೆಗೆ ಹೊತ್ತಾಗುತ್ತದೆ. ಬಾಗಿಲಲ್ಲಿ ಆಗಲೇ ಮೂವತ್ತು ಜನ ಒಬ್ಬರ ಮೇಲೊಬ್ಬರು.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಕಾನೂನೇ ಬೇರೆ. ಬಾಗಿಲಿಂದ ಹತ್ತಿದವನಿಗೆ ಸೀಟು ಸಿಗುವುದಿಲ್ಲ, ಕಿಟಕಿಯಿಂದ ಟವಲು ಎಸೆದವನಿಗೆ ಸಿಗುತ್ತದೆ. ಟವಲು ಇಲ್ಲದವರು ಚೀಲ ಇಡುತ್ತಾರೆ. ಚೀಲ ಇಲ್ಲದವರು ಕಂಕುಳ ಕೂಸನ್ನೇ ಒಳಗೆ ಕೂತವರ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕಳ್ರಿ" ಎಂದು ಬಾಗಿಲಿನ ಕಡೆ ಹೋಗುತ್ತಾರೆ. ಹಿಡಿದುಕೊಂಡವರು ಹೆಸರು ಕೇಳುವುದಿಲ್ಲ, ಕೊಟ್ಟವರು ಮುಖ ನೋಡುವುದಿಲ್ಲ. ಊರಿಗೆ ಊರೇ ಹಾಗೆ ಬೆಳೆದಿದೆ, ಸುಷ್ಮಿತಾಳೂ ಚಿಕ್ಕವಳಿದ್ದಾಗ ಎಷ್ಟೋ ಮಡಿಲುಗಳಲ್ಲಿ ಕೂತು ಹಿರೇಗುಂಟನೂರಿಂದ ದುರ್ಗಕ್ಕೆ ಬಂದವಳೇ.

ಅವಳು ಚೀಲವನ್ನೇ ಕಿಟಕಿಗೆ ಎತ್ತಿದಳು. ಕಿಟಕಿಯ ಗಾಜು ಅರ್ಧ ಮಾತ್ರ ಸರಿಯುವಂಥದ್ದು. ಚೀಲ ಅದರಲ್ಲಿ ತೂರಲಿಲ್ಲ. ಅಡ್ಡ ಮಾಡಿದಳು, ಉದ್ದ ಮಾಡಿದಳು, ಮೊಣಕಾಲಿಂದ ಒತ್ತಿದಳು. ಹದಿನೆಂಟು ಜೇಬಿನ ಹೊಟ್ಟೆ ಜಗ್ಗಲಿಲ್ಲ. ಒಳಗೆ ಕಿಟಕಿಯ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಗಾಜಿನ ಬಳಿ ಬಾಗಿ, "ಕೂಸು ಕೊಡವ್ವ, ನಾ ಹಿಡ್ಕಂತೀನಿ. ನಿಂಗೆ ಪಕ್ಕದ್ ಜಾಗ ಇಟ್ಟಿರ್ತೀನಿ," ಎಂದಳು. ಹಸಿರು ಬಳೆಯ ಎರಡು ಕೈ ಹೊರಗೆ ಬಂದವು. ಮೊಣಕೈವರೆಗೂ ಹಚ್ಚೆ ಇತ್ತು. ಸುಷ್ಮಿತಾ ಪುಟ್ಟಿಯನ್ನು ಆ ಕೈಗೆ ಕೊಟ್ಟಳು. ಚೀಲ ಹಿಡಿಯದ ಕಿಟಕಿಯಲ್ಲಿ ಮಗು ಸಲೀಸಾಗಿ ಹಿಡಿಯಿತು.

ಬಾಗಿಲಲ್ಲಿ ಮೆಟ್ಟಿಲು ಹತ್ತಿದಳು. ಹತ್ತಿದ್ದು ಅವಳು ಮಾತ್ರ, ಚೀಲ ಎರಡು ಕಂಬಿಯ ನಡುವೆ ಸಿಕ್ಕಿಕೊಂಡಿತು. ಹಿಂದಿನವರು ಬೈಯತೊಡಗಿದರು.

"ಮೇಡಂ, ಏನ್ರಿ ಇದು, ಮನೆ ಖಾಲಿ ಮಾಡ್ಕಂಡ್ ಬಂದಿದೀರೇನು?" ಎಂದ ಕಂಡಕ್ಟರು. ಹೊಸಬ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. "ಹಿಂದ್ಗಡೆ ಡಿಕ್ಕಿಗೆ ಹಾಕ್ರಿ. ಜಲ್ದಿ, ಜಲ್ದಿ!"

ಇಳಿದು ಹಿಂದಕ್ಕೆ ಓಡಿದಳು. ಡಿಕ್ಕಿಯ ಹಿಡಿ ತಿರುಗಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಆಗ ಮುಂದೆಲ್ಲೋ ತಗಡಿನ ಮೇಲೆ ಎರಡು ಏಟು ಬಿತ್ತು. "ರೈಟ್, ರೈಟ್!"

ಕರಿ ಹೊಗೆ ಅವಳ ಮುಖಕ್ಕೇ ಹೊಡೆಯಿತು. ಕೈಯಲ್ಲಿದ್ದ ಹಿಡಿ ಕೈ ಬಿಟ್ಟು ಮುಂದಕ್ಕೆ ಹೋಯಿತು. ಒಂದು ಕ್ಷಣ ಅವಳಿಗೆ ಏನಾಯಿತೆಂದೇ ತಿಳಿಯಲಿಲ್ಲ, ಬಸ್ಸು ಸ್ವಲ್ಪ ಮುಂದೆ ಸರಿದು ನಿಲ್ಲುತ್ತದೆ ಎಂದುಕೊಂಡಳು. ಬಸ್ಸು ಗೇಟು ದಾಟಿತು.

"ನಿಲ್ಸ್ರೀ! ನನ್ನ ಮಗು! ನಿಲ್ಸ್ರೀ!"

ಓಡಿದಳು. ಬಸ್ಸಿನ ಮಗ್ಗುಲಿಗೆ ಬಂದು ಕಿಟಕಿಗಳ ಕಡೆ ಕೈ ಬೀಸುತ್ತ ಓಡಿದಳು. ಹೆಗಲ ಮೇಲೆ ಚೀಲ ಕುಣಿಯುತ್ತಿತ್ತು, ಫ್ಲಾಸ್ಕು ಸೊಂಟಕ್ಕೆ ಬಡಿಯುತ್ತಿತ್ತು. ತಿರುವಿನಲ್ಲಿ ಬಸ್ಸು ವೇಗ ಹಿಡಿಯಿತು, ಕಣ್ಣಿಗೆ ಸಣ್ಣದಾಯಿತು, ಆಮೇಲೆ ಕಾಣಲಿಲ್ಲ. ಸುಷ್ಮಿತಾ ರಸ್ತೆಯ ನಡುವೆ ನಿಂತಳು. ಮಗುವಿಗೆ ಬೇಕಾದ್ದೆಲ್ಲ ಅವಳ ಹೆಗಲ ಮೇಲಿತ್ತು, ಮಗು ಇರಲಿಲ್ಲ.

ಒಂದು ಆಟೋ ಅವಳ ಮುಂದೆ ಗಕ್ಕನೆ ನಿಂತಿತು. ಚಾಲಕ ಕಲಂದರ್ ನಡುವಯಸ್ಸಿನವನು, ಆಗಲೇ ಎಲ್ಲ ನೋಡಿದ್ದ. "ಕುಂತ್ಕಳ್ರಿ ಅಕ್ಕ, ಅಳ್ಬೇಡ್ರಿ, ಹಿಡಿಯಾಣ," ಎಂದವನೇ ಹೊಳಲ್ಕೆರೆ ರಸ್ತೆಗೆ ತಿರುಗಿಸಿದ.

ಹಿಡಿಯಾಣ ಎಂದದ್ದು ಅವನ ಒಳ್ಳೆಯತನ. ಆಟೋ ಎಷ್ಟೇ ಹಾರಿದರೂ ಆಟೋನೇ. ಕಲಂದರ್ ಒಂದು ಕೈಯಲ್ಲಿ ಫೋನು ಹಿಡಿದು ಬಸ್‌ಸ್ಟ್ಯಾಂಡಿನ ಏಜೆಂಟನನ್ನು ಕೂಗಾಡಿ ಎಬ್ಬಿಸಿದ. ಏಜೆಂಟು ಐದು ನಿಮಿಷ ಬಿಟ್ಟು ತಿರುಗಿ ಮಾಡಿದ. ಕಂಡಕ್ಟರ್ ಹೊಸಬ, ಫೋನ್ ಎತ್ತುತ್ತಿಲ್ಲ, ಒಳಗೆ ಹಾಡು ಜೋರಾಗಿ ಹಾಕಿರುತ್ತಾರೆ, ರಿಂಗು ಎಲ್ಲಿ ಕೇಳಬೇಕು? ಇನ್ನೂ ಪ್ರಯತ್ನ ಮಾಡ್ತೀನಿ ಎಂದ.

ಸುಷ್ಮಿತಾ ನಿರಂಜನ್‌ಗೆ ಫೋನು ಮಾಡಲು ಹೋಗಿ ಕೈ ತಡೆದಳು. ಈ ಹೊತ್ತಿನಲ್ಲಿ ಅವನು ಯಾವುದಾದರೂ ಕಂಬದ ಮೇಲಿರುತ್ತಾನೆ. ಕಂಬದ ಮೇಲಿರುವವನಿಗೆ ಹೇಳುವ ಸುದ್ದಿಯೇ ಇದು? ಅತ್ತೆಗೆ ಹೇಳುವುದಂತೂ ದೂರದ ಮಾತು.

ಅವಳು ಕಣ್ಣು ಮುಚ್ಚಿ ಆ ಮುದುಕಿಯ ಮುಖ ನೆನೆಯಲು ನೋಡಿದಳು. ಬರಲಿಲ್ಲ. ಹಸಿರು ಬಳೆ ಬಂತು, ಹಚ್ಚೆ ಬಂತು, ಮುಖ ಬರಲಿಲ್ಲ. ಆಗ ಅವಳಿಗೆ ನಿಜವಾದ ದಿಗಿಲು ಹತ್ತಿತು. ಹರಿದ ನೋಟು ಕೊಟ್ಟರೆ ಬೆಳಕಿಗೆ ಹಿಡಿದು ಎರಡು ಸಲ ನೋಡುವವಳು ತಾನು. ಹುಡುಗರ ಉತ್ತರಪತ್ರಿಕೆಯಲ್ಲಿ ಒಂದು ಬಿಂದು ತಪ್ಪಿದರೂ ಬಿಡದವಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಮುಖ ಕೂಡ ನೋಡದೆ ಕಿಟಕಿಯೊಳಗೆ ಕೊಟ್ಟುಬಿಟ್ಟಳು. ಹೇಗೆ ಕೊಟ್ಟೆ? ಕೈ ಹೇಗೆ ಬಂತು? ಎಲ್ಲರೂ ಕೊಡುತ್ತಾರೆ, ಅಷ್ಟೇ.

ಆ ಮುದುಕಿ ನಡುವೆ ಎಲ್ಲಾದರೂ ಇಳಿದುಬಿಟ್ಟರೆ? ದಾರಿಯುದ್ದಕ್ಕೂ ಎಷ್ಟು ಹಳ್ಳಿ, ಎಷ್ಟು ಅಡ್ಡರಸ್ತೆ! ಪ್ರತಿ ನಿಲ್ದಾಣದಲ್ಲೂ ಕಲಂದರ್ ಆಟೋ ನಿಲ್ಲಿಸಿ ಕೇಳಿದ, "ಕೂಸು ಎತ್ಕಂಡು ಒಂದು ಅಜ್ಜಿ ಇಳೀತೇನ್ರಿ?" ಯಾರೂ ನೋಡಿರಲಿಲ್ಲ. ನೋಡಿಲ್ಲ ಎಂದರೆ ಇಳಿದಿಲ್ಲ ಎಂದು ಅವನು ಸಮಾಧಾನ ಹೇಳಿದ. ನೋಡಿಲ್ಲ ಎಂದರೆ ಬರೀ ನೋಡಿಲ್ಲ ಎಂದಷ್ಟೇ ಅಲ್ಲವೇ ಎಂದು ಅವಳ ಗಣಿತದ ಬುದ್ಧಿ ಅಂಥ ಹೊತ್ತಿನಲ್ಲೂ ಹೇಳಿತು.

ಹೊಳಲ್ಕೆರೆ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ಫೋನು ಟಣ್ ಎಂದಿತು. ಅತ್ತೆ ಏನೋ ಕಳಿಸಿದ್ದಳು. ಬಿಸಿಯೂಟದವರ ಗುಂಪಿಗೆ ಬಂದ ಫೇಸ್‌ಬುಕ್ ವಿಡಿಯೊ, ಅದರ ಜೊತೆ ಅತ್ತೆಯದೇ ದನಿ. ಸುಷ್ಮಿತಾ ಮೊದಲು ದನಿ ಒತ್ತಿದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ನೋಡವ್ವ ಸುಷ್ಮಿತಾ, ನಿಮ್ಮ ಹೊಳಲ್ಕೆರೇದೇ ಅಂತೆ. ಯಾವಳೋ ಕೂಸನ್ನ ಬಸ್ನಾಗೆ ಬಿಟ್ಟು ಓಡಿಹೋಗವ್ಳೆ. ಎಂಥಾ ತಾಯಂದ್ರು ಇರ್ತಾರೆ ನೋಡು! ಇವ್ರ ಕೈ ಸೇದಿಹೋಗ. ನೀನು ಪುಟ್ಟೀನ ಹುಷಾರಾಗಿ ನೋಡ್ಕ. ಹಾಲು ಕುಡೀತೇನು?"

ವಿಡಿಯೊ ಒತ್ತಿದಳು. ಹೊಳಲ್ಕೆರೆ ಬಸ್‌ಸ್ಟ್ಯಾಂಡು, ಜನ, ಕೆಳಗೆ ಕೆಂಪು ಅಕ್ಷರ: "ಹೆಣ್ಣು ಮಗು ಎಂದು ಬಸ್ಸಿನಲ್ಲೇ ಬಿಟ್ಟು ತಾಯಿ ಪರಾರಿ." ಸಿಮೆಂಟಿನ ಬೆಂಚಿನ ಮೇಲೆ ಒಬ್ಬ ಮುದುಕಿ. ಅವಳ ಹೆಗಲಿಗೆ ಮುಖ ಒತ್ತಿ ಮಲಗಿದ ಕೂಸು. ಮುಖ ಕಾಣುತ್ತಿರಲಿಲ್ಲ, ಅಡುಗೆಮನೆಯ ಹೊಗೆಯಲ್ಲಿ ಅತ್ತೆಗೆ ಗುರುತು ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ಕಾಲುಚೀಲ ಜಾರಿತ್ತು. ಆ ಪುಟ್ಟ ಹಿಮ್ಮಡಿಯನ್ನು ಸುಷ್ಮಿತಾ ಲಕ್ಷ ಹಿಮ್ಮಡಿಗಳ ನಡುವೆಯೂ ಗುರುತು ಹಿಡಿಯಬಲ್ಲಳು.

"ಸಿಕ್ತು! ಸಿಕ್ತು ಕಲಂದರಣ್ಣ, ಹೊಳಲ್ಕೆರೇಲೇ ಐತೆ!" ಎಂದು ಕಿರುಚಿದಳು. ಮರುಕ್ಷಣ ಕೆಂಪು ಅಕ್ಷರ ಮತ್ತೆ ಓದಿದಳು. ಪರಾರಿ. ಅದು ತನ್ನ ಬಗ್ಗೆ ಬರೆದದ್ದು. ಆಗಲೇ ನಾನೂರು ಜನ ನೋಡಿದ್ದರು. ಕೆಳಗೆ ಒಬ್ಬ ಬರೆದಿದ್ದ, ಇಂಥವಳನ್ನು ಕಂಬಕ್ಕೆ ಕಟ್ಟಬೇಕು ಎಂದು. ಅವಳ ಶಾಲೆಯ ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಳುವ ಮುಖ ಹಾಕಿದ್ದಳು.

ಆಟೋ ಬಸ್‌ಸ್ಟ್ಯಾಂಡು ಮುಟ್ಟಿದಾಗ ಬಸ್ಸು ಇನ್ನೂ ಅಲ್ಲೇ ಇತ್ತು. ಬೆಂಚಿನ ಸುತ್ತ ನೂರು ಜನ. ಸುಷ್ಮಿತಾ ಚೀಲದ ಸಮೇತ ಅವರನ್ನು ಸೀಳಿಕೊಂಡು ಒಳಗೆ ನುಗ್ಗಿದಳು. ಆಟೋ ಪಕ್ಕಕ್ಕೆ ಹಾಕಲು ಹೋದ ಕಲಂದರ್ ಗುಂಪಿನ ಆಚೆಯೇ ಉಳಿದ. ಪುಟ್ಟಿ ಮುದುಕಿಯ ಮಡಿಲಲ್ಲಿ ಕೂತು ಅವಳ ಹಸಿರು ಬಳೆ ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ತಾಯಿಯನ್ನು ಕಂಡಿತು. ಕಂಡು, ಮತ್ತೆ ಬಳೆ ಚೀಪತೊಡಗಿತು.

"ಪುಟ್ಟೀ!" ಎಂದು ಕೈ ಚಾಚಿದಳು. ಮುದುಕಿ ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು.

"ತಡಿಯವ್ವ. ನೀ ಯಾರು?"

"ನಾನು ಇದರ ತಾಯಿ! ನಿಮ್ಮ ಕೈಗೆ ನಾನೇ ಅಲ್ವಾ ಕೊಟ್ಟಿದ್ದು ಅಜ್ಜಿ, ಕಿಟಕೀಲಿ!"

"ನೂಕುನುಗ್ಗಲಾಗೆ ಯಾರ್ ಕೊಟ್ರು, ಏನ್ ಕಥೆ, ನಂಗೆಂಗ್ ಗೊತ್ತು?" ಎಂದಳು ಮುದುಕಿ. ಹುಲಿಗೆಮ್ಮ ಅವಳ ಹೆಸರು, ಹೊಸದುರ್ಗದ ಕಡೆಯವಳು, ಅಷ್ಟು ಹೊತ್ತಿಗೆ ಜನವೆಲ್ಲ ಕೇಳಿ ತಿಳಿದುಕೊಂಡಿತ್ತು. ಕಣ್ಣು ಮಾತ್ರ ಅವಳು ಸುಷ್ಮಿತಾಳ ಕಡೆ ಎತ್ತಲಿಲ್ಲ.

ಕಂಡಕ್ಟರು ನಡುವೆ ಬಾಯಿ ಹಾಕಿದ. ಅವನ ಮುಖ ಬಿಳಿಚಿಕೊಂಡಿತ್ತು. "ಈ ಅಜ್ಜೀನ ದಾರೀಲೇ ಕೇಳ್ದೆ ರೀ, ಕೂಸಿನ ತಾಯಿ ಎಲ್ಲಿ ಅಂತ. ಹಿಂದೆ ನಿಂತವ್ಳೆ ಅಂದ್ರು. ಇಲ್ಲಿ ಬಂದ್ ನೋಡಿದ್ರೆ ಹಿಂದೆ ಯಾರೂ ಇಲ್ಲ. ಈ ಚೀಲದ ಮೇಡಂನ ನೋಡಿದ್ದೆ, ಕೂಸು ಇವ್ರದು ಅಂತ ನಂಗೆಂಗ್ ಗೊತ್ತು?"

"ನೋಡ್ರಪ್ಪ ಚಂದ," ಎಂದ ಫೋನು ಹಿಡಿದಿದ್ದ ಒಬ್ಬ ಯುವಕ. ವಿನೋದ್ ಎಂದು ಅವನನ್ನು ಯಾರೋ ಕರೆದರು. ಆ ಕೆಂಪು ಅಕ್ಷರ ಬರೆದವನೂ ಅವನೇ ಇರಬೇಕು, ಫೋನು ಈಗಲೂ ಸುಷ್ಮಿತಾಳ ಮುಖಕ್ಕೆ ಹಿಡಿದಿದ್ದ. "ಚೀಲ ಮರೆತಿಲ್ಲ, ಕೂಸು ಮರೆತವ್ಳೆ. ಈಗ ವಿಡಿಯೊ ನೋಡಿ ಹೆದ್ರಿ ಓಡಿ ಬಂದವ್ಳೆ."

ಗುಂಪು ಗೊಳ್ಳೆಂದಿತು. ಎಂಟು ವರ್ಷದಿಂದ ಸುಷ್ಮಿತಾ ಈ ಊರಿನ ಮಕ್ಕಳಿಗೆ ಪಾಠ ಹೇಳಿದ್ದಾಳೆ. ಈ ಗುಂಪಿನಲ್ಲಿ ಒಬ್ಬರಾದರೂ ಗುರುತಿನವರು ಇರಬಾರದೇ?

"ಪೊಲೀಸ್ನೋರು ಬರ್ಲಿ," ಎಂದರು ಯಾರೋ. "ಪ್ರೂಫ್ ತೋರ್ಸು," ಎಂದರು ಇನ್ನೊಬ್ಬರು.

ಪ್ರೂಫು! ಮಗುವಿನ ಚಿತ್ರಗಳಿದ್ದ ಫೋನು ಆಟೋದ ಸೀಟಿನ ಮೇಲೇ ಉಳಿದಿತ್ತು, ಆದರೆ ತಾಯಿ ಕಾರ್ಡು ಇದೆ. ಅವಳು ನೆಲದ ಮೇಲೆ ಕುಕ್ಕರಿಸಿ ಚೀಲ ಬಿಚ್ಚಿದಳು. ಯಾವ ಜೇಬು? ಮುಂದಿನದರಲ್ಲಿ ಪೌಡರು. ಪಕ್ಕದ್ದರಲ್ಲಿ ಓಮದ ನೀರು. ಕೆಳಗಿನದರಲ್ಲಿ ಕುಲಾವಿ, ಅದರ ಒಳಗಿನದರಲ್ಲಿ ಇನ್ನೊಂದು ಕುಲಾವಿ. ಒಂದು ಜಿಪ್ಪು ಸಿಕ್ಕಿಕೊಂಡಿತು. ಡೈಪರು ಒಂದೊಂದಾಗಿ ಜನರ ಕಾಲ ಬಳಿ ಬಿದ್ದವು. ಗಿಲಿಗಿಲಿ ಸದ್ದು ಮಾಡುತ್ತ ಉರುಳಿ ಹೋಯಿತು. ಹದಿನಾಲ್ಕು ಜೇಬು ಎಣಿಸಿದಳು, ಆಮೇಲೆ ಎಣಿಕೆ ತಪ್ಪಿತು. ತಾನೇ ಇಟ್ಟದ್ದು, ತನ್ನ ಕೈಯಿಂದಲೇ, ನಿನ್ನೆ ಮಧ್ಯಾಹ್ನ. ಎಲ್ಲಿ ಇಟ್ಟೆ ಎಂಬುದು ತಲೆಯಿಂದ ಒರೆಸಿಹೋಗಿತ್ತು. ಸುತ್ತ ನಗು ಕೇಳಿಸಿತು.

ಆಗ ಪುಟ್ಟಿ ಅತ್ತಿತು.

ಬಳೆ ಬಾಯಿಂದ ಜಾರಿತ್ತೋ, ಹಸಿವೋ, ಗದ್ದಲವೋ. ಮೊದಲು ತುಟಿ ಸೊಟ್ಟಗಾಯಿತು, ಆಮೇಲೆ ಕಿವಿಗಡಚಿಕ್ಕುವ ಅಳು. ಸುಷ್ಮಿತಾ ಚೀಲ ಬಿಟ್ಟು ಎದ್ದು ನಿಂತಳು. ಎದೆಯಲ್ಲಿ ಸುರ್ರೆಂದು ಏನೋ ಚುಚ್ಚಿ ಎಳೆದಂತಾಯಿತು. ನೋಡನೋಡುತ್ತ ಅವಳ ಹಳದಿ ರವಿಕೆಯ ಎರಡೂ ಕಡೆ ಒದ್ದೆ ಕಲೆ ಮೂಡಿತು, ಅಗಲವಾಯಿತು, ಸೀರೆಗೆ ಹರಿಯಿತು. ಮುಚ್ಚಿಕೊಳ್ಳಲು ಅವಳಿಗೆ ತೋಚಲೇ ಇಲ್ಲ. ನೂರು ಜನರ ಮುಂದೆ ಕೈ ಚಾಚಿಕೊಂಡು ಹಾಗೇ ನಿಂತಿದ್ದಳು.

ನಗು ನಿಂತುಹೋಯಿತು. ವಿನೋದನ ಕೈ ತಾನಾಗಿ ಕೆಳಗಿಳಿಯಿತು. ಹುಲಿಗೆಮ್ಮ ಮೊದಲ ಸಲ ತಲೆ ಎತ್ತಿ ಅವಳ ಎದೆಯನ್ನು ನೋಡಿದಳು, ಮುಖವನ್ನು ನೋಡಿದಳು. ಎದ್ದು ಬಂದು ಪುಟ್ಟಿಯನ್ನು ಅವಳ ಕೈಗೆ ಇಟ್ಟಳು.

"ಅತ್ಲಾಗ್ ತಿರುಗ್ರೋ, ನಾಚ್ಕೆಗೆಟ್ಟೋರೇ!" ಎಂದು ಗದರಿ, ತನ್ನ ಸೆರಗನ್ನು ಬಿಚ್ಚಿ ಅಡ್ಡ ಹಿಡಿದಳು. ಗಂಡಸರು ದಡದಡನೆ ಹಿಂದೆ ಸರಿದರು. ಕಂಡಕ್ಟರು ಕೆಳಗೆ ಬಿದ್ದ ಡೈಪರುಗಳನ್ನು ಆರಿಸಿ ಚೀಲಕ್ಕೆ ತುಂಬತೊಡಗಿದ. ಕಲಂದರ್ ದೂರದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

ಸುಷ್ಮಿತಾ ಬೆಂಚಿನ ಮೇಲೆ ಕೂತು ಮಗುವಿಗೆ ಹಾಲು ಕೊಟ್ಟಳು. ಪುಟ್ಟಿ ಗಟಗಟನೆ ಕುಡಿಯಿತು, ಒಂದು ಕೈ ತಾಯಿಯ ಮಾಂಗಲ್ಯದ ಸರ ಹಿಡಿದಿತ್ತು. ಆಗ ಸುಷ್ಮಿತಾಳಿಗೆ ಅಳು ಬಂತು. ಅತ್ತಳು, ಮಗುವಿನ ನೆತ್ತಿ ಮೂಸಿದಳು, ಮತ್ತೆ ಅತ್ತಳು. ಯಾರು ಏನಾದರೂ ಅನ್ನಲಿ, ಅತ್ತೆ ಹಿರೇಗುಂಟನೂರು ಅನ್ನಲಿ, ಈ ಮಗುವನ್ನು ತಾನು ಬಿಡುವುದಿಲ್ಲ. ಸೆರಗು ಅಡ್ಡ ಹಿಡಿದು ಪಕ್ಕದಲ್ಲೇ ಕೂತಿದ್ದ ಮುದುಕಿಯ ಕೈಯನ್ನು ಮುಟ್ಟಿ, "ನಿಮ್ಮಿಂದ ನನ್ನ ಮಗಳು ಉಳಿದ್ಲು ಅಜ್ಜಿ," ಎಂದಳು.

ಹುಲಿಗೆಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

"ಹಂಗನ್ಬ್ಯಾಡವ್ವ," ಎಂದಳು. ದನಿ ತೀರ ಕೆಳಗಿತ್ತು, ಸೆರಗಿನ ಆಚೆಗೆ ಕೇಳುವಂತಿರಲಿಲ್ಲ. "ನೀ ಓಡಿ ಬರ್ತಿದ್ದಿದ್ದು ನಂಗೆ ಕಿಟಕೀಲಿ ಕಾಣ್ತಿತ್ತು. ಕೈ ಬೀಸ್ತಿದ್ದೆ. ನಾ ಕೂಗ್ಲಿಲ್ಲ."

ಸುಷ್ಮಿತಾ ಮಗುವನ್ನು ಇನ್ನಷ್ಟು ಅವಚಿಕೊಂಡಳು.

"ಕೂಗಾಣ ಅಂತ ಬಾಯಿ ತೆಗ್ದೆ. ಅಷ್ಟ್ರಾಗೆ ಇದು ನನ್ ಎದೇ ಮ್ಯಾಲೆ ತಲೆ ಇಟ್ಟು ಕಣ್ ಮುಚ್ತು. ಹನ್ನೆಲ್ಡು ವರ್ಸ ಆಗಿತ್ತವ್ವ ಒಂದ್ ಕೂಸು ನನ್ ಮೈಗೆ ಆತ್ಕಂಡು ಮಲಗಿ. ಬಾಯಿ ಬರ್ಲಿಲ್ಲ. ಆ ಕಂಡಕ್ಟ್ರು ಕೇಳ್ದಾಗ್ಲೂ ಸುಳ್ಳೇ ಹೇಳ್ದೆ. ಹೊಸದುರ್ಗಕ್ಕೆ ಟಿಕೇಟು ಇತ್ತು. ಇಲ್ಲಿ ಜನ ಇಳಿದು ಬಸ್ಸು ಖಾಲಿ ಆಗ್ದಿದ್ರೆ…" ಅಡ್ಡ ಹಿಡಿದ ಸೆರಗನ್ನು ಮಾತ್ರ ಅವಳು ಕೆಳಗೆ ಬಿಡಲಿಲ್ಲ.

ಸುಷ್ಮಿತಾ ಅವಳನ್ನೇ ನೋಡಿದಳು. ಆ ಮುಖವನ್ನು ಈಗ ಮೊದಲ ಸಲ ಸರಿಯಾಗಿ ನೋಡಿದ್ದು. ಸುಕ್ಕು, ಬಾಡಿದ ಕೆನ್ನೆ, ಹೆದರಿದ ಎರಡು ಕಣ್ಣು. ಸಿಟ್ಟು ನೆತ್ತಿಗೇರಿತು. ಒಂದು ಕೂಗು ಹಾಕಿದರೆ ಸಾಕಿತ್ತು. ಸೆರಗಿನ ಆಚೆ ನೂರು ಜನ ನಿಂತಿದ್ದರು, ಯಾರ ಮೇಲಾದರೂ ಬೀಳಲು ಕಾದವರು. ಹತ್ತು ನಿಮಿಷದ ಹಿಂದೆ ತನ್ನನ್ನು ಕಂಬಕ್ಕೆ ಕಟ್ಟಲು ಹೊರಟವರು ಈ ಮುದುಕಿಯನ್ನು ಏನು ಮಾಡಿಯಾರು? ಮಕ್ಕಳ ಕಳ್ಳಿ ಎಂದು ಕೆಂಪು ಅಕ್ಷರದಲ್ಲಿ ಬರೆಯಲು ವಿನೋದನಿಗೆ ಅರ್ಧ ನಿಮಿಷ ಸಾಕು.

"ಏನಂತೆ ಮೇಡಂ? ಏನಂತಾಳೆ ಅಜ್ಜಿ?" ಎಂದು ಅವನೇ ಆಚೆಯಿಂದ ಕೇಳಿದ. ಫೋನು ಮತ್ತೆ ಮೇಲೆದ್ದಿತ್ತು.

ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡಳು.

"ಏನಿಲ್ಲ," ಎಂದಳು ಸುಷ್ಮಿತಾ. ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿತು. "ದಾರೀಲಿ ಮಗು ಅಳ್ಲೇ ಇಲ್ಲ ಅಂತಿದ್ರು."

ಹಾಗೆಂದು ಹೇಳಿ, ಪುಟ್ಟಿಯನ್ನು ಮುದುಕಿಯ ಕೈಗೆ ಎಟುಕದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು.